ಮಾತ್ರೆ ತಿಂದ ಮೇಲೆ ಕತ್ತು ತಿರುಚಿತೇ, ಕೈ ನಡುಗುತ್ತಿದೆಯೇ? ಲಕ್ವ, ಗಾಳಿ ಎಂದು ಓಡುವ ಮೊದಲು ಇದನ್ನು ಓದಿ

ವಾಂತಿಗೆ ಮಾತ್ರೆ ತೆಗೆದುಕೊಂಡ ಹುಡುಗಿಗೆ ಮರುದಿನ ಕತ್ತು ಒಂದು ಕಡೆ ಎಳೆದುಕೊಂಡು ನಿಲ್ಲುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಕೆಳಗೆ ಬರುವುದೇ ಇಲ್ಲ. ಮನೆಯವರು ಗಾಬರಿಯಾಗುತ್ತಾರೆ. ಒಬ್ಬರು ಫಿಟ್ಸ್ ಎಂದು ಕೈಗೆ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಲಕ್ವ ಹೊಡೆದಿದೆ ಎನ್ನುತ್ತಾರೆ, ಮತ್ತೊಬ್ಬರು ಗಾಳಿ ಸೋಕಿದೆ ಎಂದು ನಿಂಬೆಹಣ್ಣು ನಿವಾಳಿಸುತ್ತಾರೆ. ಅಷ್ಟರಲ್ಲಿ ಯಾರೋ ವಿಡಿಯೊ ಮಾಡಿ ಗ್ರೂಪಿಗೆ ಹಾಕಿರುತ್ತಾರೆ: "ಈ ಮಾತ್ರೆ ತಿಂದರೆ ನರ ಸತ್ತುಹೋಗುತ್ತದೆ, ಎಲ್ಲರಿಗೂ ಶೇರ್ ಮಾಡಿ."

ಇವುಗಳಲ್ಲಿ ಯಾವುದೂ ನಿಜವಲ್ಲ. ಇದು ಔಷಧದ ಒಂದು ಅಡ್ಡಪರಿಣಾಮ. ವೈದ್ಯರಿಗೆ ಹಲವು ದಶಕಗಳಿಂದ ಗೊತ್ತಿರುವಂಥದ್ದು. ಸರಿಯಾಗಿ ಗುರುತಿಸಿದರೆ ಬಹುತೇಕ ಅರ್ಧ ಗಂಟೆಯೊಳಗೆ ಸರಿಹೋಗುತ್ತದೆ. ಗುರುತಿಸದಿದ್ದರೆ ರೋಗಿ ಅನಗತ್ಯವಾಗಿ ನರಳಬೇಕಾಗುತ್ತದೆ. ಇದೇ ಗುಂಪಿನ ಇನ್ನೂ ಕೆಲವು ತೊಂದರೆಗಳು ನಿಧಾನವಾಗಿ ಬರುತ್ತವೆ, ಅವನ್ನು ವಯಸ್ಸಿನ ನಡುಕ ಎಂದುಕೊಂಡು ವರ್ಷಗಟ್ಟಲೆ ಬಿಟ್ಟುಬಿಡುವವರೂ ಇದ್ದಾರೆ.

ಈ ಲೇಖನ ಯಾವ ಮಾತ್ರೆಯ ಬಗ್ಗೆಯೂ ಹೆದರಿಸುವುದಕ್ಕಲ್ಲ. ಏನಾಗುತ್ತದೆ, ಏಕಾಗುತ್ತದೆ, ಆದಾಗ ಏನು ಮಾಡಬೇಕು ಎಂಬುದನ್ನು ತಿಳಿಸಲು.

ಮೆದುಳಿನಲ್ಲಿ ನಡೆಯುವುದೇನು?

ನಾವು ನಡೆಯುವಾಗ, ಬರೆಯುವಾಗ, ಮಾತನಾಡುವಾಗ ಯಾವ ಸ್ನಾಯು ಎಷ್ಟು ಬಿಗಿಯಾಗಬೇಕು, ಯಾವುದು ಸಡಿಲವಾಗಬೇಕು ಎಂಬುದನ್ನು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಸರಿದೂಗಿಸುತ್ತದೆ. ಈ ಕೆಲಸಕ್ಕೆ ಡೋಪಮಿನ್ ಎಂಬ ರಾಸಾಯನಿಕ ಬೇಕು. ಡೋಪಮಿನ್ ಒಂದು ನರಕೋಶದಿಂದ ಹೊರಟು ಇನ್ನೊಂದು ಕೋಶದ ಮೇಲಿರುವ ಗ್ರಾಹಕಕ್ಕೆ ಅಂಟಿಕೊಂಡಾಗ ಸಂದೇಶ ಮುಟ್ಟುತ್ತದೆ. ಬೀಗ ಮತ್ತು ಕೀಲಿ ಇದ್ದಂತೆ.

ಕೆಲವು ಔಷಧಗಳು ಆ ಬೀಗದ ತೂತನ್ನೇ ಮುಚ್ಚುತ್ತವೆ. ಆಗ ಡೋಪಮಿನ್ ಇದ್ದರೂ ಕೆಲಸ ಮಾಡಲಾಗದು. ಹೀಗೆ ಮುಚ್ಚುವುದರಿಂದ ಲಾಭವೂ ಇದೆ. ಮೆದುಳಿನ ಒಂದು ಭಾಗದಲ್ಲಿ ಮುಚ್ಚಿದರೆ ಇಲ್ಲದ ಧ್ವನಿ ಕೇಳಿಸುವುದು, ಭ್ರಮೆ ಕಡಿಮೆಯಾಗುತ್ತವೆ. ವಾಂತಿಯನ್ನು ನಿಯಂತ್ರಿಸುವ ಜಾಗದಲ್ಲಿ ಮುಚ್ಚಿದರೆ ವಾಂತಿ ನಿಲ್ಲುತ್ತದೆ. ಆದರೆ ರಕ್ತದಲ್ಲಿ ಸೇರಿದ ಮಾತ್ರೆಗೆ ವಿಳಾಸ ಗೊತ್ತಿರುವುದಿಲ್ಲ. ಚಲನೆಯನ್ನು ನೋಡಿಕೊಳ್ಳುವ ಭಾಗದಲ್ಲೂ ಅದು ಅದೇ ಕೆಲಸ ಮಾಡುತ್ತದೆ. ಅಲ್ಲಿನ ಸುಮಾರು 80% ಗ್ರಾಹಕಗಳು ಮುಚ್ಚಿಹೋದಾಗ ಬಿಗಿತ, ನಡುಕ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಡೋಸ್ ಹೆಚ್ಚಾದಂತೆ ತೊಂದರೆ ಹೆಚ್ಚುವುದಕ್ಕೆ ಕಾರಣ ಇದೇ.

ಯಾವ ಔಷಧಗಳು?

ಮಾನಸಿಕ ಕಾಯಿಲೆಯ ಮಾತ್ರೆ ಮಾತ್ರ ಹೀಗೆ ಮಾಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಪಟ್ಟಿ ಅದಕ್ಕಿಂತ ದೊಡ್ಡದು:

- ಭ್ರಮೆ, ಸ್ಕಿಜೋಫ್ರೇನಿಯಾಗೆ ಕೊಡುವ ಔಷಧಗಳು: ಹಾಲೊಪೆರಿಡಾಲ್, ಕ್ಲೋರ್‌ಪ್ರೊಮಜೀನ್, ಟ್ರೈಫ್ಲುಓಪೆರಜೀನ್, ರಿಸ್ಪೆರಿಡೋನ್. ಕ್ಲೋಜಪಿನ್ ಮತ್ತು ಕ್ವೆಟಿಯಾಪಿನ್‌ನಲ್ಲಿ ಈ ಅಪಾಯ ಬಹಳ ಕಡಿಮೆ.
- ವಾಂತಿ ಮಾತ್ರೆಗಳು: ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್. ಎರಡನೆಯದನ್ನು ತಲೆಸುತ್ತಿಗೂ ಬರೆಯುತ್ತಾರೆ.
- ಕೆಲವು ಗ್ಯಾಸ್ಟ್ರಿಕ್ ಮಾತ್ರೆಗಳು: ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಮಾತ್ರ ಇದ್ದರೆ ಈ ಸಮಸ್ಯೆ ಇಲ್ಲ. ಆದರೆ ಅದೇ ಕ್ಯಾಪ್ಸೂಲಿನಲ್ಲಿ ಲೆವೊಸಲ್ಪಿರೈಡ್ ಎಂಬ ಇನ್ನೊಂದು ಔಷಧ ಸೇರಿಸಿದ್ದರೆ ಎಚ್ಚರ ಬೇಕು.
- ತಲೆಸುತ್ತು, ಮೈಗ್ರೇನ್‌ಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್: ವಯಸ್ಸಾದವರು ತಿಂಗಳುಗಟ್ಟಲೆ ತೆಗೆದುಕೊಂಡಾಗ. ಬಸ್ ಪ್ರಯಾಣಕ್ಕೆಂದು ಎಂದೋ ಒಂದು ಮಾತ್ರೆ ನುಂಗುವುದು ಬೇರೆ ವಿಷಯ.
- ಮುಖ್ಯವಾಗಿ ಕೈ ನಡುಕ ತರುವ ಬೇರೆ ಔಷಧಗಳೂ ಇವೆ: ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಬೈಪೋಲಾರ್ ಕಾಯಿಲೆಯ ಲಿಥಿಯಂ, ಉಬ್ಬಸದ ಸಾಲ್ಬುಟಮಾಲ್. ಇವು ಡೋಪಮಿನ್ ಗ್ರಾಹಕವನ್ನು ಮುಚ್ಚುವುದಿಲ್ಲ, ನಡುಕದ ಕಾರಣ ಬೇರೆ. ಆದರೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ನಡುಕ ಇದ್ದಕ್ಕಿದ್ದಂತೆ ಜೋರಾಗಿ, ಜೊತೆಗೆ ವಾಂತಿ, ಭೇದಿ, ತೂರಾಟ, ಮಂಪರು ಬಂದರೆ ರಕ್ತದಲ್ಲಿ ಲಿಥಿಯಂ ಹೆಚ್ಚಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕಂಪನಿಯ ಹೆಸರು ಸ್ಟ್ರಿಪ್ ಮೇಲೆ ದೊಡ್ಡದಾಗಿರುತ್ತದೆ, ಔಷಧದ ನಿಜವಾದ ಹೆಸರು ಚಿಕ್ಕ ಅಕ್ಷರದಲ್ಲಿರುತ್ತದೆ. ನೀವು ಓದಬೇಕಾದದ್ದು ಆ ಚಿಕ್ಕ ಅಕ್ಷರವನ್ನು. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ನಾಲ್ಕು ಮುಖ್ಯ ರೂಪಗಳು

1. ಇದ್ದಕ್ಕಿದ್ದಂತೆ ತಿರುಚುವುದು

ಇದನ್ನು ವೈದ್ಯರು ಅಕ್ಯೂಟ್ ಡಿಸ್ಟೋನಿಯಾ ಎನ್ನುತ್ತಾರೆ. ಔಷಧ ಶುರು ಮಾಡಿದ ಅಥವಾ ಡೋಸ್ ಹೆಚ್ಚಿಸಿದ ಮೊದಲ ಕೆಲವು ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಕತ್ತು ತಿರುಗಿ ನಿಲ್ಲುವುದು, ದವಡೆ ಕಚ್ಚಿಕೊಳ್ಳುವುದು, ನಾಲಿಗೆ ಹೊರಗೆ ಬಂದು ಮಾತು ತೊದಲುವುದು, ಬೆನ್ನು ಬಿಲ್ಲಿನಂತೆ ಬಾಗುವುದು, ಕಣ್ಣುಗುಡ್ಡೆ ಮೇಲೆ ಹೋಗಿ ಸಿಕ್ಕಿಕೊಳ್ಳುವುದು ಇದರ ಲಕ್ಷಣ. ನೋವೂ ಇರುತ್ತದೆ. ಮಕ್ಕಳು ಮತ್ತು ಹರೆಯದವರಲ್ಲಿ ಹೆಚ್ಚು.

ಫಿಟ್ಸ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಡೀ ಮೈ ಅದುರುವ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಪ್ರಜ್ಞೆ ತಪ್ಪುತ್ತದೆ. ಇಲ್ಲಿ ರೋಗಿಗೆ ಪೂರ್ತಿ ಎಚ್ಚರ ಇರುತ್ತದೆ, ಸುತ್ತ ನಿಂತವರು ಆಡುವ ಮಾತೆಲ್ಲ ಕೇಳಿಸುತ್ತಿರುತ್ತದೆ. "ನಾಟಕ ಮಾಡ್ತಾಳೆ" ಎಂದರೂ ಕೇಳಿಸುತ್ತದೆ. ತಾನಾಗಿ ಬಿಟ್ಟು ಮತ್ತೆ ಬರುವುದೂ ಉಂಟು, ಅದಕ್ಕೇ ನೋಡಿದವರಿಗೆ ನಾಟಕದಂತೆ ಅಥವಾ ಮೈಮೇಲೆ ಬಂದಂತೆ ಅನಿಸುತ್ತದೆ.

ಚಿಕಿತ್ಸೆ ಸರಳ. ಪ್ರೊಮೆಥಜೀನ್‌ನಂಥ ಹಳೆಯ, ಕಡಿಮೆ ಬೆಲೆಯ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ 10ರಿಂದ 30 ನಿಮಿಷದಲ್ಲಿ ಬಿಗಿತ ಬಿಡುತ್ತದೆ. ಮೂಲ ಔಷಧ ಇನ್ನೂ ಮೈಯಲ್ಲಿ ಇರುವುದರಿಂದ ಎರಡು ಮೂರು ದಿನ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆಯನ್ನೂ ಬರೆಯಬಹುದು. ಅಪರೂಪಕ್ಕೆ ಗಂಟಲಿನ ಸ್ನಾಯು ಬಿಗಿದು ಉಸಿರಾಟ ಕಷ್ಟವಾಗಬಹುದು. ಆಗ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಬೇಕು.

2. ಕೂತಲ್ಲಿ ಕೂರಲಾಗದ ಚಡಪಡಿಕೆ

ಹೆಸರು ಅಕಥೀಸಿಯಾ. ಕೂರಲು ಆಗದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, 1901ರಲ್ಲಿ ಲಡಿಸ್ಲಾವ್ ಹಾಶ್ಕೊವೆಟ್ಸ್ ಎಂಬ ಝೆಕ್ ವೈದ್ಯರು ಬಳಕೆಗೆ ತಂದರು. ಕಾಲು ಅಲ್ಲಾಡಿಸುತ್ತಲೇ ಇರುವುದು, ಎದ್ದು ಓಡಾಡುವುದು, ಕೂರುವುದು, ಮತ್ತೆ ಏಳುವುದು. ಒಳಗಿನಿಂದ ಏನೋ ತಳಮಳ, ಯಾರಾದರೂ ಅಟ್ಟಿಸಿಕೊಂಡು ಬಂದಂತೆ. ಔಷಧ ಶುರುವಾದ ಕೆಲವು ದಿನ ಅಥವಾ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಬಲೆ ಇದೆ. ಮನೆಯವರು ಕಾಯಿಲೆಯೇ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಡಾಕ್ಟರಿಗೂ "ರಾತ್ರಿಯೆಲ್ಲ ಓಡಾಡ್ತಾನೆ ಸಾರ್" ಎಂದಷ್ಟೇ ಹೇಳುತ್ತಾರೆ. ಅದನ್ನು ಕೇಳಿ ಡೋಸ್ ಹೆಚ್ಚಿಸಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ. ಕೆಲವರಿಗೆ ಈ ಸಂಕಟ ಸಾಯಬೇಕು ಅನಿಸುವ ಮಟ್ಟಕ್ಕೂ ಹೋಗಬಹುದು. ಆದ್ದರಿಂದ ಈ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಡಾಕ್ಟರಿಗೆ ತಿಳಿಸಿ: ಚಡಪಡಿಕೆ ಮಾತ್ರೆ ಶುರುವಾದ ಮೇಲೆ ಬಂದದ್ದೇ? ಕಾಲು ಆಡಿಸಿದರೆ ಸ್ವಲ್ಪ ಹಾಯೆನಿಸುತ್ತದೆಯೇ? ಡೋಸ್ ತಗ್ಗಿಸುವುದು, ಔಷಧ ಬದಲಿಸುವುದು, ಪ್ರೊಪ್ರನೊಲಾಲ್‌ನಂಥ ಮಾತ್ರೆ ಸೇರಿಸುವುದು, ಹೀಗೆ ದಾರಿಗಳಿವೆ.

3. ಪಾರ್ಕಿನ್ಸನ್‌ನಂತೆಯೇ ಕಾಣುವ ನಡುಕ, ಬಿಗಿತ

ವಯಸ್ಸಾದವರ ಮನೆಗಳಲ್ಲಿ ಎಲ್ಲರೂ ತಿಳಿದಿರಬೇಕಾದ ಭಾಗ ಇದು. ಕೈ ನಡುಕ, ನಡಿಗೆ ನಿಧಾನ, ಪಾದ ಎಳೆದುಕೊಂಡು ಸಣ್ಣ ಸಣ್ಣ ಹೆಜ್ಜೆ, ಮುಖದಲ್ಲಿ ಭಾವನೆಯೇ ಇಲ್ಲದಂತೆ ಆಗುವುದು, ಜೊಲ್ಲು ಸುರಿಯುವುದು, ಅಕ್ಷರ ಚಿಕ್ಕದಾಗುವುದು. ಪಾರ್ಕಿನ್ಸನ್ ಕಾಯಿಲೆಯಲ್ಲೂ ಇವೇ ಲಕ್ಷಣ. ವಯಸ್ಸಾದವರಲ್ಲಿ ಈ ಲಕ್ಷಣಗಳಿಗೆ ಪಾರ್ಕಿನ್ಸನ್ ಕಾಯಿಲೆಯ ನಂತರ ಅತಿ ಸಾಮಾನ್ಯ ಕಾರಣಗಳಲ್ಲಿ ಔಷಧವೂ ಒಂದು.

ಸುಳಿವು ಏನು? ನಿಜವಾದ ಪಾರ್ಕಿನ್ಸನ್ ಹೆಚ್ಚಾಗಿ ಒಂದು ಬದಿಯ ಕೈಯಲ್ಲಿ ಶುರುವಾಗಿ ನಿಧಾನವಾಗಿ ವರ್ಷಗಳಲ್ಲಿ ಬೆಳೆಯುತ್ತದೆ. ಔಷಧದಿಂದ ಬಂದದ್ದು ಹೆಚ್ಚಾಗಿ ಎರಡೂ ಬದಿಯಲ್ಲಿ, ಮಾತ್ರೆ ಶುರುವಾದ ಕೆಲವು ವಾರ ಅಥವಾ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಗಟ್ಟಿ ನಿಯಮವಲ್ಲ, ಕೊನೆಯ ತೀರ್ಮಾನ ವೈದ್ಯರದ್ದೇ.

ಗುರುತಿಸದಿದ್ದರೆ ಏನಾಗುತ್ತದೆ ನೋಡಿ. ಅಜ್ಜಿಗೆ ತಲೆಸುತ್ತು ಎಂದು ಒಂದು ಮಾತ್ರೆ. ಆರು ತಿಂಗಳಲ್ಲಿ ಕೈ ನಡುಕ. ನಡುಕಕ್ಕೆ ಬೇರೆ ಡಾಕ್ಟರು, ಪಾರ್ಕಿನ್ಸನ್ ಮಾತ್ರೆ. ಅದರಿಂದ ವಾಕರಿಕೆ. ವಾಕರಿಕೆಗೆ ಮೆಟೊಕ್ಲೋಪ್ರಮೈಡ್. ನಡುಕ ಇನ್ನೂ ಜಾಸ್ತಿ. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ ಸೇರುತ್ತಾ ಹೋಗುತ್ತದೆ. ಈ ಸರಪಳಿಯ ಮೊದಲ ಕೊಂಡಿಯನ್ನು ವೈದ್ಯರು ತೆಗೆದರೆ ಹೆಚ್ಚಿನವರು ವಾರಗಳಿಂದ ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ. ಅಂಥವರಲ್ಲಿ ಒಳಗೇ ಅಡಗಿದ್ದ ಪಾರ್ಕಿನ್ಸನ್ ಕಾಯಿಲೆಯನ್ನು ಔಷಧ ಮೊದಲೇ ಹೊರಗೆ ತಂದಿರಬಹುದು.

4. ತಡವಾಗಿ ಬರುವ ಬಾಯಿ, ನಾಲಿಗೆಯ ಆಟ

ಟಾರ್ಡಿವ್ ಡಿಸ್ಕೈನೇಸಿಯಾ. ಟಾರ್ಡಿವ್ ಎಂದರೆ ತಡವಾಗಿ ಬರುವುದು. ಏನೂ ತಿನ್ನದಿದ್ದರೂ ಅಗಿಯುತ್ತಿರುವಂತೆ ದವಡೆ ಆಡುವುದು, ತುಟಿ ಚಪ್ಪರಿಸುವುದು, ನಾಲಿಗೆ ಹೊರಗೆ ಒಳಗೆ ಮಾಡುವುದು, ಬೆರಳು ತಾನಾಗಿ ಕುಣಿಯುವುದು. ಸಾಮಾನ್ಯವಾಗಿ ತಿಂಗಳುಗಳು ಅಥವಾ ವರ್ಷಗಳ ಬಳಕೆಯ ನಂತರ ಬರುತ್ತದೆ. ರೋಗಿಗೆ ಎಷ್ಟೋ ಸಲ ತನ್ನ ಬಾಯಿ ಆಡುತ್ತಿರುವುದೇ ಗೊತ್ತಾಗುವುದಿಲ್ಲ, ನೋಡುವವರಿಗೆ ಗೊತ್ತಾಗುತ್ತದೆ. ಮದುವೆ ಮನೆಯಲ್ಲಿ ಜನ ದುರುಗುಟ್ಟಿ ನೋಡುವುದರಿಂದ ಹೊರಗೆ ಹೋಗುವುದನ್ನೇ ಬಿಟ್ಟವರಿದ್ದಾರೆ.

ಹಳೆಯ ತಲೆಮಾರಿನ ಔಷಧ ತೆಗೆದುಕೊಳ್ಳುವವರಲ್ಲಿ ಸುಮಾರು 30%, ಹೊಸ ತಲೆಮಾರಿನವುಗಳಲ್ಲಿ ಸುಮಾರು 20% ಜನರಲ್ಲಿ ಇದು ಕಂಡುಬಂದಿದೆ. ವಯಸ್ಸು, ಹೆಚ್ಚು ಡೋಸ್, ಹೆಚ್ಚು ವರ್ಷಗಳ ಬಳಕೆ, ಸಕ್ಕರೆ ಕಾಯಿಲೆ ಅಪಾಯವನ್ನು ಹೆಚ್ಚಿಸುತ್ತವೆ. ನಾಲ್ಕರಲ್ಲಿ ಇದೊಂದೇ ಔಷಧ ನಿಲ್ಲಿಸಿದ ಮೇಲೂ ಉಳಿದುಬಿಡುವ ಸಾಧ್ಯತೆ ಹೆಚ್ಚಾಗಿರುವ ತೊಂದರೆ. ಆದ್ದರಿಂದ ಬೇಗ ಗುರುತಿಸುವುದು ಮುಖ್ಯ. ಚಿಕಿತ್ಸೆಯೂ ಇದೆ: ಟೆಟ್ರಾಬೆನಜಿನ್ ಬಹಳ ಕಾಲದಿಂದ ಬಳಕೆಯಲ್ಲಿದೆ, ವಾಲ್‌ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್ ಎಂಬ ಎರಡು ಹೊಸ ಔಷಧಗಳಿಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ನೀಡಿತು.

ಎಲ್ಲಕ್ಕಿಂತ ಅಪಾಯಕಾರಿ: ಜ್ವರ ಮತ್ತು ಬಿಗಿತ

ಮಾನಸಿಕ ಕಾಯಿಲೆಯ ಔಷಧ ಅಥವಾ ಮೇಲೆ ಹೇಳಿದ ವಾಂತಿ ಔಷಧ ತೆಗೆದುಕೊಳ್ಳುವವರಿಗೆ ಜೋರು ಜ್ವರ, ಮರದ ಕೊರಡಿನಂತೆ ಮೈ ಬಿಗಿತ, ವಿಪರೀತ ಬೆವರು, ಮಂಪರು ಅಥವಾ ಗೊಂದಲ ಒಟ್ಟಿಗೆ ಬಂದರೆ ಅದು ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಇರಬಹುದು. ಅಪರೂಪ, ಆದರೆ ಪ್ರಾಣಕ್ಕೆ ಅಪಾಯ. ಜ್ವರದ ಮಾತ್ರೆ ಕೊಟ್ಟು ಬೆಳಗ್ಗೆವರೆಗೆ ಕಾಯಬೇಡಿ. ಆ ಔಷಧದ ಮುಂದಿನ ಡೋಸ್ ಕೊಡದೆ, ಸ್ಟ್ರಿಪ್ ಕೈಯಲ್ಲಿ ಹಿಡಿದು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಫಾರ್ವರ್ಡ್ ಮಾತುಗಳು: ಸುಳ್ಳೆಷ್ಟು, ನಿಜವೆಷ್ಟು?

"ಮಾನಸಿಕ ಕಾಯಿಲೆ ಮಾತ್ರೆ ನರ ಹಾಳು ಮಾಡುತ್ತೆ, ಇವತ್ತೇ ನಿಲ್ಲಿಸಿ."
ಅಪಾಯಕಾರಿ ಸಲಹೆ. ಈ ಔಷಧಗಳಿಂದಲೇ ಲಕ್ಷಾಂತರ ಜನ ಮನೆ, ಕೆಲಸ, ಸಂಸಾರ ಎಂದು ಬದುಕುತ್ತಿದ್ದಾರೆ. ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಅಷ್ಟೇ ಅಲ್ಲ, ಒಮ್ಮೆಲೇ ನಿಲ್ಲಿಸಿದಾಗ ಬಾಯಿ, ನಾಲಿಗೆಯ ಚಲನೆ ಹೊಸದಾಗಿ ಶುರುವಾಗುವುದೂ, ಇದ್ದದ್ದು ಹೆಚ್ಚುವುದೂ ಉಂಟು. ಡೋಸ್ ತಗ್ಗಿಸುವುದನ್ನು, ಬದಲಿಸುವುದನ್ನು ವೈದ್ಯರು ಹಂತ ಹಂತವಾಗಿ ಮಾಡುತ್ತಾರೆ.

"ವಾಂತಿ ಮಾತ್ರೆ ವಿಷ, ಯಾರಿಗೂ ಕೊಡಬೇಡಿ."
ಅರ್ಧ ಸತ್ಯ. ಮೆಟೊಕ್ಲೋಪ್ರಮೈಡ್ ಬಗ್ಗೆ ಎಚ್ಚರಿಕೆ ಇರುವುದು ನಿಜ. 2009ರಲ್ಲಿ ಎಫ್‌ಡಿಎ ಇದರ ದೀರ್ಘ ಬಳಕೆಯ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಹೇಳಿತು. 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಇದನ್ನು 5 ದಿನಕ್ಕಿಂತ ಹೆಚ್ಚು ಕೊಡಬಾರದು, ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, 1 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು ಎಂದಿತು. ಆದರೆ ಎಲ್ಲ ವಾಂತಿ ಮಾತ್ರೆಯೂ ಒಂದೇ ಅಲ್ಲ. ಒಂಡಾನ್ಸೆಟ್ರಾನ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಡೋಪಮಿನ್ ಗ್ರಾಹಕವನ್ನು ಮುಚ್ಚುವುದಿಲ್ಲ. ಡೊಂಪೆರಿಡೋನ್ ಮೆದುಳಿನೊಳಗೆ ಬಹಳ ಕಡಿಮೆ ಹೋಗುತ್ತದೆ, ಆದರೆ ಎಳೆ ಮಕ್ಕಳಲ್ಲಿ ಎಚ್ಚರ ಬೇಕು. ಹಿಂದಿನ ಸಲದ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ನೀವೇ ತಂದು ಮಗುವಿಗೆ ಕೊಡುವುದು ತಪ್ಪು.

"ಗಿಡಮೂಲಿಕೆಗೆ ಅಡ್ಡಪರಿಣಾಮವೇ ಇಲ್ಲ."
ಸುಳ್ಳು. ಇದಕ್ಕೆ ಸಾಕ್ಷಿ ನಮ್ಮ ಸರ್ಪಗಂಧ. ರಕ್ತದೊತ್ತಡ ಮತ್ತು ಉನ್ಮಾದಕ್ಕೆ ಇದರ ಬೇರು ಕೆಲಸ ಮಾಡುತ್ತದೆ ಎಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಇದರ ಬಗ್ಗೆ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಾಗ ಜಗತ್ತು ತಿರುಗಿ ನೋಡಿತು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಲಾಯಿತು. ಇದು ಮೆದುಳಿನ ಡೋಪಮಿನ್ ದಾಸ್ತಾನನ್ನೇ ಖಾಲಿ ಮಾಡುತ್ತದೆ, ಹೆಚ್ಚು ಡೋಸ್ ತೆಗೆದುಕೊಂಡ ರೋಗಿಗಳಲ್ಲಿ ಪಾರ್ಕಿನ್ಸನ್‌ನಂಥ ಬಿಗಿತ ಕಂಡುಬಂತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್‌ನಿಂದ ಅಲುಗಾಡದೆ ಬಿದ್ದಿದ್ದ ಮೊಲಗಳಿಗೆ ಎಲ್-ಡೋಪಾ ಕೊಟ್ಟಾಗ ಅವು ಎದ್ದು ಓಡಾಡಿದವು. ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ತೆರೆದದ್ದು ಈ ಪ್ರಯೋಗ. ಕಾರ್ಲ್‌ಸನ್ 2000ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ಕೆಲಸ ಮಾಡುವಷ್ಟು ಶಕ್ತಿ ಇರುವ ಯಾವ ಬೇರಿಗೂ ಅಡ್ಡಪರಿಣಾಮ ತರುವ ಶಕ್ತಿಯೂ ಇರುತ್ತದೆ.

"ನಸುಗುನ್ನಿ ಪುಡಿ ತಿಂದರೆ ಎಲ್ಲ ನಡುಕ ಮಾಯ."
ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇರುವುದು ನಿಜ. ಆದರೆ ಔಷಧದಿಂದ ಬಂದ ನಡುಕದಲ್ಲಿ ಕೊರತೆ ಇರುವುದು ಡೋಪಮಿನ್‌ನದ್ದಲ್ಲ, ಅದು ಅಂಟಿಕೊಳ್ಳಬೇಕಾದ ಜಾಗ ಮುಚ್ಚಿಹೋಗಿದೆ. ಮೇಲಾಗಿ ಎಲ್-ಡೋಪಾ ಭ್ರಮೆ, ಉನ್ಮಾದವನ್ನು ಕೆರಳಿಸಬಹುದು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಮನೆಯಲ್ಲೇ ಇದನ್ನು ಕೊಡುವುದು ಬೆಂಕಿಗೆ ತುಪ್ಪ ಸುರಿದಂತೆ.

"ಬಾಯಿ ಆಡಿಸುವುದು ಹುಚ್ಚಿನ ಗುರುತು."
ಅಲ್ಲ. ಅದು ಬಹುಶಃ ಔಷಧದ ಅಡ್ಡಪರಿಣಾಮ. ಗೇಲಿ ಮಾಡುವ ಬದಲು ವೈದ್ಯರ ಗಮನಕ್ಕೆ ತನ್ನಿ.

ನೀವು ಮಾಡಬೇಕಾದದ್ದೇನು?

- ಮೊದಲು ಲಕ್ವ ಅಲ್ಲ ಎಂದು ಖಚಿತಪಡಿಸಿಕೊಳ್ಳಿ. ಮುಖ ಒಂದು ಕಡೆ ಜೋತುಬೀಳುವುದು, ಒಂದು ಬದಿಯ ಕೈಕಾಲಿನ ಬಲ ಹೋಗುವುದು, ಮಾತು ತಪ್ಪುವುದು ಇದ್ದರೆ ಮಾತ್ರೆಯ ಪರಿಣಾಮ ಇರಬಹುದು ಎಂದು ಮನೆಯಲ್ಲೇ ಕೂರಬೇಡಿ. ಲಕ್ವದಲ್ಲಿ ಒಂದೊಂದು ನಿಮಿಷವೂ ಮುಖ್ಯ. ಅನುಮಾನ ಇದ್ದರೂ ಆಸ್ಪತ್ರೆಗೇ ಹೋಗಿ.
- ಎಲ್ಲ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಕಳೆದ ಆರು ತಿಂಗಳಲ್ಲಿ ತೆಗೆದುಕೊಂಡ ಮಾತ್ರೆ, ಸಿರಪ್, ಇಂಜೆಕ್ಷನ್, ನಾಟಿ ಔಷಧ ಎಲ್ಲವನ್ನೂ ಹೇಳಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವವರೇ ಹೆಚ್ಚು.
- ವಿಡಿಯೊ ಮಾಡಿ, ಡಾಕ್ಟರಿಗೆ ತೋರಿಸಿ. ತಿರುಚುವುದು ಬಂದು ಹೋಗುವುದರಿಂದ ಆಸ್ಪತ್ರೆ ತಲುಪುವಷ್ಟರಲ್ಲಿ ನಿಂತಿರಬಹುದು. ಅರ್ಧ ನಿಮಿಷದ ವಿಡಿಯೊ ಸಾಕು. ಅದನ್ನು ಗ್ರೂಪಿಗೆ ಹಾಕಬೇಡಿ, ಅದು ನಿಮ್ಮ ಮನೆಯವರ ಮಾನದ ಪ್ರಶ್ನೆ.
- ತಿರುಚಿದ ಕತ್ತನ್ನು ಬಲವಂತವಾಗಿ ನೇರ ಮಾಡಬೇಡಿ. ಬಾಯಿಗೆ ಚಮಚ, ನೀರು ಹಾಕಬೇಡಿ. "ಇದು ವಾಸಿಯಾಗುತ್ತೆ" ಎಂದು ರೋಗಿಗೆ ಧೈರ್ಯ ಹೇಳಿ.
- ಆದದ್ದನ್ನು ಬರೆದಿಡಿ. ಯಾವ ಔಷಧಕ್ಕೆ ಏನಾಯಿತು ಎಂದು ಆಸ್ಪತ್ರೆ ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಮುಂದೆ ಯಾವ ಡಾಕ್ಟರ ಬಳಿ ಹೋದರೂ ತೋರಿಸಿ.
- ದೀರ್ಘಕಾಲ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆ ಮಾಡಿಸಿಕೊಳ್ಳಿ. ಬಾಯಿ ತೆರೆಸಿ, ನಾಲಿಗೆ ಹೊರಚಾಚಿಸಿ, ಬೆರಳು ತಟ್ಟಿಸಿ, ನಡೆಸಿ ನೋಡುವ ಸುಲಭ ಪರೀಕ್ಷೆ ಇದೆ. ಕೆಲವೇ ನಿಮಿಷ ಸಾಕು, ಸ್ಕ್ಯಾನ್ ಬೇಡ. 6ರಿಂದ 12 ತಿಂಗಳಿಗೊಮ್ಮೆ ನೋಡಿ ಎಂದು ನೀವೇ ಕೇಳಬಹುದು.

ಮಾನಸಿಕ ಕಾಯಿಲೆಯ ಔಷಧದ ಬಗ್ಗೆ ಗೊಂದಲ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತನಾಡಬಹುದು. ಸಾಯಬೇಕು ಅನಿಸುತ್ತಿದ್ದರೂ ಇದೇ ಸಂಖ್ಯೆ. ಯಾವುದೇ ಔಷಧದ ಅಡ್ಡಪರಿಣಾಮವನ್ನು ದಾಖಲಿಸಲು ಭಾರತ ಸರ್ಕಾರದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024 ಇದೆ. ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ ದೂರು ದಾಖಲಿಸಬಹುದು.

ಒಟ್ಟಿನಲ್ಲಿ

ಮಾತ್ರೆ ಶುರುವಾದ ಮೇಲೆ ಮೈಯ ಚಲನೆಯಲ್ಲಿ ಹೊಸದೇನಾದರೂ ಕಂಡರೆ, ಅಂದರೆ ತಿರುಚುವುದು, ಚಡಪಡಿಕೆ, ನಡುಕ, ಬಾಯಿ ಆಡುವುದು, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಇದು ಮಾತ್ರೆಯಿಂದ ಆಗಿರಬಹುದೇ ಡಾಕ್ಟ್ರೇ?" ಈ ಪ್ರಶ್ನೆ ಕೇಳಲು ಹಿಂಜರಿಯಬೇಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಲಕ್ಷಣವನ್ನು ಮುಚ್ಚಿಡಲೂ ಬೇಡಿ. ಮುಂದಿನ ಸಲ "ಈ ಮಾತ್ರೆ ತಿಂದರೆ ನರ ಸತ್ತುಹೋಗುತ್ತೆ" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಈ ಪ್ರಶ್ನೆಯನ್ನು ಕಳಿಸಿ.